ಗ್ಯಾಸ್ ಜಾಸ್ತಿಯಾದರೆ ಹೊತ್ತಿಕೊಳ್ಳುವುದಿಲ್ವಂತೆ, ನಿಜವಾ?

ಹೋದ ಸಂಚಿಕೆಯಲ್ಲಿ ವೆಲ್ಡಿಂಗ್ ಬಗ್ಗೆ ಉತ್ತರಿಸುವಾಗ 'ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮಿಗೆ ನಾನು ಜಾಸ್ತಿ ಹೆದರುತ್ತೇನೆ' ಅಂತ ಒಂದು ಸಾಲು ಬರೆದಿದ್ದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬೆನ್ನು ಹತ್ತಿಯೇ ಬಂದಿವೆ. ಟ್ಯಾಂಕಿನೊಳಗೆ ಆಳು ಇಳಿಯುವ ಮೊದಲು ಗ್ಯಾಸ್ ಪರೀಕ್ಷೆ ಮಾಡಿ ಪರ್ಮಿಟ್ಟಿಗೆ ಸಹಿ ಹಾಕುವುದು ನನ್ನ ನೌಕರಿಯಾಗಿತ್ತು. ಈ ವಿಷಯ ಎತ್ತಿದರೆ ನನ್ನ ಬಾಯಿ ಮುಚ್ಚಿಸುವುದು ಕಷ್ಟ ಅಂತ ಮನೆಯವರು ಹೇಳುತ್ತಾರೆ. ಹಾಗಾಗಿ ಇಡೀ ಅಂಕಣ ಇದಕ್ಕೇ ಮೀಸಲು.

ಪ್ರಶ್ನೆ: ಗ್ಯಾಸ್ ಸೋರಿತು, ಕಿಡಿ ಬಿತ್ತು, ಹೊತ್ತಿಕೊಂಡಿತು. ಅಷ್ಟೇ ಅಲ್ವಾ? ಇದರಲ್ಲಿ ಶೇಕಡಾ ಲೆಕ್ಕ ಯಾಕೆ ಬರುತ್ತದೆ?

ಉತ್ತರ: ಗ್ಯಾಸ್ ತನ್ನಷ್ಟಕ್ಕೆ ಉರಿಯುವುದಿಲ್ಲ, ಗಾಳಿ ಬೇಕು. ಎಷ್ಟು ಗ್ಯಾಸಿಗೆ ಎಷ್ಟು ಗಾಳಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕಲ್ಲಿದ್ದಲ ಗಣಿಗಳಲ್ಲಿ, ಚರಂಡಿಗಳಲ್ಲಿ ಕೂಡಿಕೊಳ್ಳುವ ಮೀಥೇನ್ ಗ್ಯಾಸ್ ತಗೊಳ್ಳಿ. ನೂರು ಲೀಟರ್ ಮಿಶ್ರಣದಲ್ಲಿ ಮೀಥೇನ್ 5 ಲೀಟರಿಗಿಂತ ಕಡಿಮೆ ಇದ್ದರೆ ಕಿಡಿ ಹಾರಿಸಿದರೂ ಬೆಂಕಿ ಹಬ್ಬುವುದಿಲ್ಲ. ಕಿಡಿಯ ಸುತ್ತ ಚೂರು ಉರಿದು ಅಲ್ಲೇ ಆರಿಹೋಗುತ್ತದೆ. 15 ಲೀಟರ್ ದಾಟಿದರೂ ಹಬ್ಬುವುದಿಲ್ಲ. ಈ 5 ಕೆಳಮಿತಿ, 15 ಮೇಲ್ಮಿತಿ. ಕಾರ್ಖಾನೆಯವರ ಬಾಯಲ್ಲಿ ಎಲ್‌ಇಎಲ್, ಯುಇಎಲ್. ಎರಡರ ನಡುವೆ ಇದ್ದಾಗ ಮಾತ್ರ ಒಂದು ಕಿಡಿ ಇಡೀ ಕೋಣೆಗೆ ಸಾಕು. ಶೇಕಡಾ 9.5ರ ಹತ್ತಿರ ಮೀಥೇನಿಗೂ ಆಮ್ಲಜನಕಕ್ಕೂ ಲೆಕ್ಕ ಸರಿಹೊಂದುತ್ತದೆ. ಹೊಡೆತ ಅತಿ ಜೋರಾಗಿರುವುದು ಅದರ ಆಸುಪಾಸಿನಲ್ಲೇ.

ಯಾಕೆ ಹೀಗೆ? ಬೆಂಕಿ ಮುಂದಕ್ಕೆ ಸಾಗಬೇಕಾದರೆ ಉರಿದ ಪದರ ಪಕ್ಕದ ಪದರವನ್ನು ಕಾಯಿಸಬೇಕು. ಗ್ಯಾಸ್ ಕಡಿಮೆ ಇದ್ದಾಗ ಹುಟ್ಟಿದ ಶಾಖವೆಲ್ಲ ಸುತ್ತಲಿನ ನೈಟ್ರೋಜನ್ನನ್ನು ಬಿಸಿ ಮಾಡುವುದರಲ್ಲೇ ಮುಗಿದುಹೋಗುತ್ತದೆ. ಜ್ವಾಲೆಯ ಬಿಸಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಮೀಥೇನ್, ಪ್ರೊಪೇನ್ ತರಹದ ಗ್ಯಾಸುಗಳಲ್ಲಿ ಬೆಂಕಿ ಮುಂದೆ ಹೋಗಲಾರದು. ಗ್ಯಾಸ್ ಜಾಸ್ತಿಯಾದಾಗ ಆಮ್ಲಜನಕ ಸಾಲದು. ಉರಿಯದೆ ಉಳಿದ ಗ್ಯಾಸೇ ಶಾಖವನ್ನು ನುಂಗುತ್ತದೆ.

ಇಲ್ಲೊಂದು ಲೆಕ್ಕವಿದೆ, ನನಗೆ ಬಹಳ ಇಷ್ಟ. ಒಂದು ಮೋಲ್ (ಅಣುಗಳನ್ನು ಎಣಿಸುವ ಒಂದು ಅಳತೆ) ಮೀಥೇನ್ ಉರಿದರೆ ಸುಮಾರು 800 ಕಿಲೋಜೂಲ್ ಶಾಖ. ಕೆಳಮಿತಿ ಶೇಕಡಾ 5. ಅಂದರೆ ಒಂದು ಮೋಲ್ ಮಿಶ್ರಣಕ್ಕೆ 40 ಕಿಲೋಜೂಲ್. ಪ್ರೊಪೇನಿಗೆ 2,040 ಕಿಲೋಜೂಲ್, ಕೆಳಮಿತಿ 2.1. ಗುಣಿಸಿದರೆ 43. ಬ್ಯುಟೇನಿಗೆ 2,650, ಕೆಳಮಿತಿ 1.8. ಗುಣಿಸಿದರೆ 48. ಗ್ಯಾಸ್ ಬೇರೆ ಬೇರೆ, ಬೇಕಾದ ಶಾಖ ಹೆಚ್ಚುಕಡಿಮೆ ಒಂದೇ! ದೊಡ್ಡ ಅಣುವಿನ ಗ್ಯಾಸ್ ಯಾಕೆ ಇಷ್ಟು ಕಡಿಮೆ ಪ್ರಮಾಣದಲ್ಲೇ ಹೊತ್ತಿಕೊಳ್ಳುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ. ಪೆಟ್ರೋಲ್ ಆವಿಗಂತೂ ಶೇಕಡಾ 1.4 ಸಾಕು. ಅದರ ಮೇಲ್ಮಿತಿ 7.6.

ಪ್ರಶ್ನೆ: ಎಲ್ಲಕ್ಕಿಂತ ಅಪಾಯದ ಗ್ಯಾಸ್ ಯಾವುದು?

ಉತ್ತರ: ಮಿತಿಗಳ ನಡುವಿನ ಅಂತರ ನೋಡಿ ಹೇಳುವುದಾದರೆ ವೆಲ್ಡಿಂಗಿಗೆ ಬಳಸುವ ಅಸಿಟಿಲೀನ್. ಶೇಕಡಾ 2.5ರಲ್ಲಿ ಶುರುವಾದರೆ ಮೇಲಕ್ಕೆ ಕೊನೆಯೇ ಇಲ್ಲ. ಒತ್ತಡ ಹಾಕಿದರೆ ಗಾಳಿಯೇ ಇಲ್ಲದೆ ತಾನಾಗಿ ಒಡೆದು ಸಿಡಿಯುವ ಗ್ಯಾಸ್ ಅದು. ಅದಕ್ಕೇ ಅದರ ಸಿಲಿಂಡರಿನೊಳಗೆ ಸಣ್ಣ ಸಣ್ಣ ರಂಧ್ರಗಳ ಗಟ್ಟಿ ವಸ್ತು ತುಂಬಿ, ಗ್ಯಾಸನ್ನು ಅಸಿಟೋನ್ ಎಂಬ ದ್ರವದಲ್ಲಿ ಕರಗಿಸಿ ಇಡುತ್ತಾರೆ. ಹೈಡ್ರೋಜನ್ 4ರಿಂದ 75. ಇಂಗಾಲದ ಮಾನಾಕ್ಸೈಡ್ 12.5ರಿಂದ 74. ಅದು ಉರಿಯುತ್ತದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಅಮೋನಿಯಾ 15ರಿಂದ 28, ಹೊತ್ತಿಸುವುದೂ ಕಷ್ಟ. ಆದರೆ ಅಷ್ಟು ಅಮೋನಿಯಾ ಇರುವ ಕಡೆ ಮನುಷ್ಯ ಉಸಿರಾಡಲಾರ, ಅದು ಬೇರೆ ಮಾತು.

ಕಿಡಿ ಎಷ್ಟು ದೊಡ್ಡದಿರಬೇಕು ಅನ್ನುವುದನ್ನೂ ನೋಡಬೇಕು. ಮೀಥೇನಿಗೆ 0.3 ಮಿಲಿಜೂಲ್ ಹತ್ತಿರ ಬೇಕು. ಹೈಡ್ರೋಜನ್ನಿಗೆ 0.02 ಸಾಕು. ಒಣಹವೆಯಲ್ಲಿ ಬಾಗಿಲ ಹಿಡಿ ಮುಟ್ಟಿದಾಗ ಬೆರಳಿಗೆ ಚುರುಕ್ ಅನ್ನುವ ಕಿಡಿ ಇದೆಯಲ್ಲ, ಅದು ಇವೆರಡಕ್ಕೂ ಧಾರಾಳವಾಯಿತು.

ಪ್ರಶ್ನೆ: ಮೇಲ್ಮಿತಿ ದಾಟಿದರೆ ಉರಿಯುವುದಿಲ್ಲ ಅಂದಮೇಲೆ ಅಂಥ ಜಾಗ ಸುರಕ್ಷಿತವಲ್ಲವೇ? ನಮ್ಮ ಕಾರ್ಖಾನೆಯಲ್ಲಿ ಒಬ್ಬ ಹಿರಿಯರು 'ಗ್ಯಾಸ್ ತುಂಬಿಹೋಗಿದೆ, ಇನ್ನು ಏನೂ ಆಗಲ್ಲ' ಅನ್ನುತ್ತಿದ್ದರು.

ಉತ್ತರ: ಆ ಹಿರಿಯರ ಮಾತು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಕೆಲಸದ ಜಾಗದಲ್ಲಿ ಆ ಮಾತು ಆಡಿದವರಿಗೆ ನಾನು ಪರ್ಮಿಟ್ ಕೊಡುವುದಿಲ್ಲ.

ಯೋಚನೆ ಮಾಡಿ. ಕೋಣೆಯಲ್ಲಿ ಗ್ಯಾಸ್ ಮೇಲ್ಮಿತಿ ದಾಟಿದೆ. ಆ ಸ್ಥಿತಿಗೆ ಅದು ಬಂದದ್ದು ಹೇಗೆ? ಕೆಳಮಿತಿಯಿಂದ ಮೇಲ್ಮಿತಿಯವರೆಗಿನ ಇಡೀ ದಾರಿ ಹಾದುಕೊಂಡೇ ಬಂದಿದೆ. ಈಗ ನೀವು ಬಾಗಿಲು ತೆರೆದಿರಿ. ಗಾಳಿ ಒಳಗೆ ಬಂತು. ಗ್ಯಾಸ್ ಕಡಿಮೆಯಾಗುತ್ತಾ ಬರುತ್ತದೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಅಷ್ಟೇ ಅಲ್ಲ, ಒಂದೇ ಕೋಣೆಯಲ್ಲಿ ಪ್ರಮಾಣ ಎಲ್ಲ ಕಡೆ ಒಂದೇ ಇರುವುದಿಲ್ಲ. ಸೋರುವ ಜಾಗದಲ್ಲಿ ತೀರಾ ಜಾಸ್ತಿ, ಕಿಟಕಿ ಸಂದಿಯಲ್ಲಿ ತೀರಾ ಕಡಿಮೆ. ಈ ಎರಡರ ಮಧ್ಯೆ ಎಲ್ಲೋ ಒಂದು ಕಡೆ ಹದವಾದ ಮಿಶ್ರಣ ಇದ್ದೇ ಇರುತ್ತದೆ. ಕಿಡಿ ಅಲ್ಲಿ ಬಿದ್ದರೆ ಮುಗಿಯಿತು. ಅಲ್ಲಿನ ಸ್ಫೋಟವೇ ಒಳಗಿನ ಗ್ಯಾಸನ್ನು ಹೊರಗಿನ ಗಾಳಿಗೆ ಕಲಕಿ ಕೊಡುತ್ತದೆ.

ಇನ್ನೊಂದು ಮೋಸ ಮೀಟರಿನದು. ಹಳೆಯ ಮುಳ್ಳಿನ ಮೀಟರುಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದಿತ್ತು. ಮ್ಯಾನ್‌ಹೋಲ್ ಬಾಯಲ್ಲಿ ಕೂತು ರಬ್ಬರ್ ಕೊಳವೆಯನ್ನು ಒಳಗೆ ಇಳಿಸುತ್ತಾ, ಕೈಯಲ್ಲಿ ರಬ್ಬರ್ ಬುರುಡೆ ಹಿಸುಕುತ್ತಾ ಗಾಳಿ ಎಳೆಯಬೇಕು. ಒಂದಡಿ ಇಳಿಸಿದಾಗ ಮುಳ್ಳು ನಿಧಾನ ಏಳುತ್ತದೆ. ಇನ್ನೊಂದಡಿಗೆ ಸರ್ರನೆ ತುದಿಗೆ ಹೋಗಿ ಬಡಿಯುತ್ತದೆ. ಮತ್ತೆ ಇಳಿಸಿ. ಮುಳ್ಳು ಇಳಿಯತೊಡಗುತ್ತದೆ. ಇನ್ನಷ್ಟು ಇಳಿಸಿದರೆ ಸೊನ್ನೆ! ಗ್ಯಾಸ್ ಇಲ್ಲ ಅಂತಲ್ಲ, ಮೀಟರಿಗೆ ಉಸಿರಿಲ್ಲ. ಅದರೊಳಗಿನ ಬಿಸಿ ಮಣಿಯ ಮೇಲೆ ಗ್ಯಾಸ್ ಉರಿಯಬೇಕು, ಆಗ ಬರುವ ಬಿಸಿಯನ್ನೇ ಅದು ಅಳೆಯುವುದು. ಗ್ಯಾಸ್ ಜಾಸ್ತಿಯಾಗಿ ಆಮ್ಲಜನಕ ಕಡಿಮೆಯಾದರೆ ಏನು ಉರಿದೀತು? ಕೊಳವೆಯನ್ನು ಒಂದೇ ಸಲ ತಳಕ್ಕೆ ಬಿಟ್ಟು, ಆ ಗಡಿಬಿಡಿಯ ಏರಿಳಿತ ಗಮನಿಸದೆ ಕೊನೆಯ ಸೊನ್ನೆಯನ್ನಷ್ಟೇ ಓದಿದವನು 'ಟ್ಯಾಂಕ್ ಕ್ಲೀನ್' ಅಂತ ಬರೆದುಬಿಡುತ್ತಾನೆ. ಈಗಿನ ಎಷ್ಟೋ ಡಿಟೆಕ್ಟರುಗಳು ತುದಿ ಮುಟ್ಟಿದ ಕೂಡಲೇ ಬೀಗ ಹಾಕಿಕೊಂಡು ಕಿರುಚುತ್ತವೆ. ಒಳ್ಳೆಯ ಬದಲಾವಣೆ. ಆದರೂ ಮೊದಲು ಆಮ್ಲಜನಕ ನೋಡಿ, ಆಮೇಲೆ ಗ್ಯಾಸ್ ನೋಡಿ. ಈ ಕ್ರಮವನ್ನು ಯಾರು ಬಂದು ಅವಸರ ಮಾಡಿದರೂ ನಾನು ಬದಲಾಯಿಸುತ್ತಿರಲಿಲ್ಲ.

ಪ್ರಶ್ನೆ: ಖಾಲಿ ಡ್ರಮ್ ಯಾಕೆ ಹೆಚ್ಚು ಅಪಾಯ? ಒಳಗೆ ಏನೂ ಇಲ್ಲವಲ್ಲ!

ಉತ್ತರ: ಏನೂ ಇಲ್ಲ ಅಂತ ಹೇಳಿದವರು ಯಾರು? ಗೋಡೆಗೆ ಅಂಟಿದ ಪಸೆ, ತಳದ ಅಂಚಿನಲ್ಲಿ ನಿಂತ ನಾಲ್ಕು ಚಮಚ, ಅಷ್ಟು ಸಾಕು.

ಮುಚ್ಚಿದ ಪಾತ್ರೆಯಲ್ಲಿ ದ್ರವ ಇದ್ದರೆ ಅದರ ಮೇಲಿನ ಗಾಳಿಯಲ್ಲಿ ಎಷ್ಟು ಆವಿ ತುಂಬಬಹುದು ಅನ್ನುವುದಕ್ಕೆ ಆಯಾ ಬಿಸಿಗೆ ಒಂದು ಮಿತಿ ಇದೆ. 20 ಡಿಗ್ರಿಯಲ್ಲಿ ಪೆಟ್ರೋಲಿನ ಮೇಲೆ ಶೇಕಡಾ 30ಕ್ಕೂ ಜಾಸ್ತಿ ಆವಿ ಇರುತ್ತದೆ. ಮೇಲ್ಮಿತಿ 7.6 ತಾನೆ? ಹಾಗಾಗಿ ಮುಚ್ಚಿದ ಟ್ಯಾಂಕಿನೊಳಗೆ ಉರಿಯುವ ಮಿಶ್ರಣ ಇರುವುದಿಲ್ಲ. ಕಾರುಗಳಲ್ಲಿ ಕರೆಂಟಿನಿಂದ ಓಡುವ ಪೆಟ್ರೋಲ್ ಪಂಪನ್ನು ಟ್ಯಾಂಕಿನೊಳಗೇ ಮುಳುಗಿಸಿ ಇಟ್ಟರೂ ನಡೆಯುವುದಕ್ಕೆ ಇದೂ ಒಂದು ಕಾರಣ. ಡ್ರಮ್ ಬರಿದು ಮಾಡಿ, ಮುಚ್ಚಳ ತೆಗೆದು ನಾಲ್ಕು ದಿನ ಬಿಸಿಲಲ್ಲಿ ಇಟ್ಟಿರೋ, ಹೊರಗಿನ ಗಾಳಿ ಒಳಗೆ ಹೋಗಿ 30 ಇದ್ದದ್ದು 5ಕ್ಕೆ, 3ಕ್ಕೆ ಇಳಿಯುತ್ತದೆ. ಹದ ಬಂತು. ಈಗ ಕಟ್ಟರ್ ಇಟ್ಟರೆ ಡ್ರಮ್ ಬಾಂಬ್ ಆಗುತ್ತದೆ.

ಎಲ್ಲ ದ್ರವವೂ ಪೆಟ್ರೋಲಿನ ಹಾಗಲ್ಲ. ಅಸಿಟೋನ್ ಆವಿ 20 ಡಿಗ್ರಿಯಲ್ಲಿ ಸುಮಾರು ಶೇಕಡಾ 24, ಮೇಲ್ಮಿತಿ 13. ಅದೂ ದಾಟಿದೆ. ಎಥೆನಾಲ್, ಅಂದರೆ ಸ್ಪಿರಿಟ್ಟಿನಲ್ಲಿರುವ ಆಲ್ಕೋಹಾಲ್ ನೋಡಿ. ಅದೇ 20 ಡಿಗ್ರಿಯಲ್ಲಿ ಆವಿ ಶೇಕಡಾ 5.8. ಉರಿಯುವ ವ್ಯಾಪ್ತಿ 3.3ರಿಂದ 19. ಅಂದರೆ ಅರ್ಧ ತುಂಬಿದ ಸ್ಪಿರಿಟ್ ಬಾಟಲಿಯೊಳಗೆ, ಮುಚ್ಚಳ ಹಾಕಿದ್ದರೂ, ಮೇಲಿನ ಅರ್ಧದಲ್ಲಿ ಹದವಾದ ಮಿಶ್ರಣ ಸುಮ್ನೆ ಕೂತಿರುತ್ತದೆ. ಇನ್ನೊಂದು ಆಲ್ಕೋಹಾಲ್ ಆದ ಮೆಥೆನಾಲ್ ಕಥೆಯೂ ಅದೇ, ಆವಿ 12.8, ವ್ಯಾಪ್ತಿ 6ರಿಂದ 36. ಉರಿಯುತ್ತಿರುವ ದೀಪಕ್ಕೆ ಬಾಟಲಿಯಿಂದಲೇ ಸ್ಪಿರಿಟ್ ಸುರಿಯಬಾರದು ಅನ್ನುವುದು ಇದಕ್ಕೇ. ಜ್ವಾಲೆ ಬಾಟಲಿಯ ಬಾಯಿಯಿಂದ ಒಳಗೆ ನುಗ್ಗುತ್ತದೆ, ಒಳಗಿನದ್ದೆಲ್ಲ ಎದುರಿಗಿದ್ದವರ ಮೇಲೆ ಚಿಮ್ಮುತ್ತದೆ. ಶಾಲೆಯ ಪ್ರಯೋಗಗಳಲ್ಲಿ ಮಕ್ಕಳು ಸುಟ್ಟುಕೊಂಡ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಮೇಷ್ಟ್ರುಗಳು ಇದನ್ನು ದಯವಿಟ್ಟು ಓದಬೇಕು.

ಸೀಮೆಎಣ್ಣೆ, ಡೀಸೆಲ್ ಇನ್ನೊಂದು ಕಡೆ. ಸಾಮಾನ್ಯ ಬಿಸಿಯಲ್ಲಿ ಅವುಗಳ ಆವಿ ಕೆಳಮಿತಿಯನ್ನೇ ಮುಟ್ಟುವುದಿಲ್ಲ. ಸೀಮೆಎಣ್ಣೆಗೆ ಸುಮಾರು 38 ಡಿಗ್ರಿಯಾದರೂ ಬೇಕು, ಡೀಸೆಲಿಗೆ 50ರ ಮೇಲೆ. ಆ ಬಿಸಿಗೇ ಫ್ಲ್ಯಾಶ್ ಪಾಯಿಂಟ್ ಅನ್ನುವುದು. ಆದರೆ ಡೀಸೆಲ್ ಡ್ರಮ್ಮನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸುವವನು ತಾನೇ ಡ್ರಮ್ಮನ್ನು ಕಾಯಿಸುತ್ತಿರುತ್ತಾನೆ. ಪಸೆ ಆವಿಯಾಗುತ್ತದೆ, ಜ್ವಾಲೆ ಕೈಯಲ್ಲೇ ಇದೆ.

1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯೂಎ 800 ವಿಮಾನ ಆಕಾಶದಲ್ಲೇ ಸಿಡಿದು 230 ಜನ ಸತ್ತರು. ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದೇ. ಮಧ್ಯದ ಟ್ಯಾಂಕಿನಲ್ಲಿ ತಳದಲ್ಲಷ್ಟೇ ಸ್ವಲ್ಪ ಇತ್ತು. ಅದರ ಕೆಳಗೇ ಏರ್ ಕಂಡಿಷನಿಂಗ್ ಯಂತ್ರಗಳು. ನೆಲದ ಮೇಲೆ ನಿಂತಿದ್ದಾಗ ಅವು ಟ್ಯಾಂಕನ್ನು ಕಾಯಿಸಿದ್ದವು. ಮೇಲೇರಿದಾಗ ಗಾಳಿಯ ಒತ್ತಡ ಇಳಿಯಿತು, ಅದರೊಂದಿಗೆ ಹೊತ್ತಿಕೊಳ್ಳಲು ಬೇಕಾದ ಬಿಸಿಯೂ ಇಳಿಯಿತು. ಕಿಡಿ ಎಲ್ಲಿಂದ ಬಂತು ಅಂತ ತನಿಖೆ ಖಚಿತವಾಗಿ ಹೇಳಲಿಲ್ಲ, ವೈರಿಂಗ್ ಶಾರ್ಟ್ ಆಗಿರಬಹುದು ಅಂತ ತೀರ್ಮಾನಿಸಿತು. ಟ್ಯಾಂಕಿನೊಳಗಿನ ಆವಿ ಗಾಳಿಯ ಮಿಶ್ರಣವೇ ಸಿಡಿದದ್ದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ತುಂಬಿದ ಟ್ಯಾಂಕಲ್ಲ, ಹೆಚ್ಚುಕಡಿಮೆ ಖಾಲಿ ಟ್ಯಾಂಕು.

ಪ್ರಶ್ನೆ: ಡಿಟೆಕ್ಟರಿನಲ್ಲಿ 20% ಅಂತ ತೋರಿಸಿತು. ಗಾಳಿಯಲ್ಲಿ ಐದನೇ ಒಂದು ಭಾಗ ಗ್ಯಾಸ್ ಇದೆ ಅಂತಲೇ? (ಡಿಪ್ಲೊಮಾ ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ. ಅದು ಕೆಳಮಿತಿಯ ಶೇಕಡಾ 20. ಮೀಥೇನಿಗೆ ಕೆಳಮಿತಿ 5, ಅಂದರೆ ಗಾಳಿಯಲ್ಲಿ ಇರುವುದು ಶೇಕಡಾ 1. ಮುಚ್ಚಿದ ಜಾಗಕ್ಕೆ ಆಳು ಇಳಿಯಬೇಕಾದರೆ ಈ ಅಂಕಿ 10 ದಾಟಿರಬಾರದು ಅನ್ನುವುದು ಹಲವು ಕಡೆ ಇರುವ ಕಟ್ಟಳೆ. ಇನ್ನೊಂದು ವಿಷಯ ನೆನಪಿಡು. ಮೀಥೇನಿಗೆ ಹೊಂದಿಸಿದ ಮೀಟರನ್ನು ಪೆಟ್ರೋಲ್ ಅಥವಾ ಥಿನ್ನರ್ ಆವಿಗೆ ಹಿಡಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಯಾವ ಗ್ಯಾಸಿಗೆ ಹೊಂದಿಸಿದ್ದು ಅಂತ ಚೀಟಿ ನೋಡದೆ ಅಂಕಿ ಓದಬೇಡ.

ಪ್ರಶ್ನೆ: ಈ ಅಂಕಿಗಳನ್ನು ಕಂಡುಹಿಡಿದವರು ಯಾರು? ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆಯಲ್ಲ?

ಉತ್ತರ: ಶುರುವಾದದ್ದು ಕಲ್ಲಿದ್ದಲ ಗಣಿಗಳಲ್ಲಿ. 1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಗಣಿಯಲ್ಲಿ ಮೀಥೇನ್ ಸಿಡಿದು 92 ಜನ ಸತ್ತರು. ಆಮೇಲೆ ಹಂಫ್ರಿ ಡೇವಿ ಎಂಬ ವಿಜ್ಞಾನಿ ಈ ಗ್ಯಾಸನ್ನು ಗಾಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಉರಿಸಿ ನೋಡಿದರು. 1815ರಲ್ಲಿ ತಂತಿ ಬಲೆ ಸುತ್ತಿದ ದೀಪ ಬಂತು. ಬಲೆ ಶಾಖವನ್ನು ಎಳೆದುಕೊಳ್ಳುವುದರಿಂದ ಜ್ವಾಲೆ ಹೊರಗೆ ದಾಟುವುದಿಲ್ಲ. ಈ ದೀಪವೇ ಮೀಟರೂ ಆಯಿತು. ಬತ್ತಿ ಸಣ್ಣ ಮಾಡಿ ನೋಡಿದರೆ ಜ್ವಾಲೆಯ ತಲೆಯ ಮೇಲೆ ತೆಳು ನೀಲಿ ಟೋಪಿ ಕಾಣುತ್ತದೆ. ಮೀಥೇನ್ ಜಾಸ್ತಿಯಾದಷ್ಟೂ ಟೋಪಿ ಉದ್ದ. ಗಣಿಯವರು ಆ ಎತ್ತರ ನೋಡಿಯೇ ಶೇಕಡಾ ಎಷ್ಟು ಅಂತ ಹೇಳುತ್ತಿದ್ದರು.

ಅಂಕಿಗಳು ಬೇರೆ ಬೇರೆ ಇರುವುದಕ್ಕೆ ಕಾರಣ ಅಳೆಯುವ ವಿಧಾನ. ಅಮೆರಿಕದ ಗಣಿ ಇಲಾಖೆಯವರು 5 ಸೆಂಟಿಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಕಿಡಿ ಕೊಟ್ಟು, ಜ್ವಾಲೆ ಮೇಲಿನವರೆಗೆ ಏರುತ್ತದೆಯಾ ಅಂತ ನೋಡುತ್ತಿದ್ದರು. ಅದನ್ನೆಲ್ಲ ಕೂಡಿಸಿದ ಅವರ ದೊಡ್ಡ ವರದಿ ಬಂದದ್ದು 1952ರಲ್ಲಿ. ಬಿಸಿಯಾದ ಗಾಳಿ ಮೇಲೇರುವುದರಿಂದ ಜ್ವಾಲೆಗೆ ಮೇಲಕ್ಕೆ ಹೋಗುವುದು ಸುಲಭ. ಅದಕ್ಕೇ ಹೈಡ್ರೋಜನ್ ಶೇಕಡಾ 4ರಲ್ಲೇ ಮೇಲಕ್ಕೆ ಉರಿಯುತ್ತದೆ, ಕೆಳಕ್ಕೆ ಉರಿಯಬೇಕಾದರೆ 8 ದಾಟಬೇಕು. ಬಿಸಿ ಏರಿದರೆ ವ್ಯಾಪ್ತಿ ಎರಡೂ ಕಡೆ ಅಗಲವಾಗುತ್ತದೆ. ಗಾಳಿಯ ಬದಲು ಶುದ್ಧ ಆಮ್ಲಜನಕ ಕೊಟ್ಟರೆ ಮೀಥೇನಿನ ಮೇಲ್ಮಿತಿ 15ರಿಂದ 60ರ ಆಚೆಗೆ ಜಿಗಿಯುತ್ತದೆ. ಕೆಳಮಿತಿ ಮಾತ್ರ 5ರಲ್ಲೇ ಇರುತ್ತದೆ. ಅಲ್ಲಿ ಮೊದಲೇ ಆಮ್ಲಜನಕ ಬೇಕಾದ್ದಕ್ಕಿಂತ ಜಾಸ್ತಿ ಇತ್ತಲ್ಲ, ಇನ್ನಷ್ಟು ಕೊಟ್ಟು ಏನು ಪ್ರಯೋಜನ?

ಪ್ರಶ್ನೆ: ಎರಡು ಮೂರು ಗ್ಯಾಸ್ ಬೆರೆತಿದ್ದರೆ?

ಉತ್ತರ: ಫ್ರಾನ್ಸಿನ ಲೆ ಶಾತೆಲಿಯೆ 1891ರಲ್ಲೇ ಸೂತ್ರ ಕೊಟ್ಟಿದ್ದಾರೆ. ಮೀಥೇನ್ 80, ಈಥೇನ್ 15, ಪ್ರೊಪೇನ್ 5 ಇರುವ ಗ್ಯಾಸ್ ಅಂದುಕೊಳ್ಳಿ. ಪ್ರತಿಯೊಂದನ್ನೂ ಅದರದರ ಕೆಳಮಿತಿಯಿಂದ ಭಾಗಿಸಿ. 80ನ್ನು 5ರಿಂದ, 15ನ್ನು 3ರಿಂದ, 5ನ್ನು 2.1ರಿಂದ. ಬಂದದ್ದನ್ನು ಕೂಡಿಸಿದರೆ 23.4. ನೂರನ್ನು ಅದರಿಂದ ಭಾಗಿಸಿದರೆ 4.3. ಅದೇ ಮಿಶ್ರಣದ ಕೆಳಮಿತಿ. ಮೀಥೇನ್ ಜಾತಿಯ ಗ್ಯಾಸುಗಳಿಗೆ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ಒಂದು ಕೋಣೆ ಸಿಡಿಯಲು ಎಷ್ಟು ಎಲ್‌ಪಿಜಿ ಬೇಕು?

ಉತ್ತರ: ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಕೋಣೆಯಲ್ಲಿ 27,000 ಲೀಟರ್ ಗಾಳಿ. ಎಲ್‌ಪಿಜಿ ಅಂದರೆ ಪ್ರೊಪೇನ್, ಬ್ಯುಟೇನಿನ ಮಿಶ್ರಣ, ಕೆಳಮಿತಿ ಶೇಕಡಾ 2ರ ಹತ್ತಿರ. ಅಂದರೆ 540 ಲೀಟರ್ ಗ್ಯಾಸ್. ಒಂದು ಕಿಲೋ ಎಲ್‌ಪಿಜಿ ಸುಮಾರು 450 ಲೀಟರ್ ಗ್ಯಾಸ್ ಆಗುತ್ತದೆ. ಲೆಕ್ಕಕ್ಕೆ 1.2 ಕಿಲೋ ಬಂತು. ಆದರೆ ಈ ಲೆಕ್ಕ ನಂಬಬೇಡಿ. ಗ್ಯಾಸ್ ಎಲ್ಲ ಕಡೆ ಸಮನಾಗಿ ಬೆರೆತರೆ ಮಾತ್ರ ಇದು ಸರಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ನೆಲ ಹಿಡಿದು ಹರಡುತ್ತದೆ. ಒಂದಡಿ ಎತ್ತರದವರೆಗೆ ಮಾತ್ರ ಹದ ಬರಬೇಕಾದರೆ ನೂರಿಪ್ಪತ್ತು ಗ್ರಾಂ ಸಾಕು.

ವಾಸನೆಗಾಗಿ ಗ್ಯಾಸಿಗೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಕೆಳಮಿತಿಯ ಐದನೇ ಒಂದು ಭಾಗ ಮುಟ್ಟುವ ಮೊದಲೇ ಮೂಗಿಗೆ ಹೊಡೆಯಬೇಕು ಅನ್ನುವುದು ಲೆಕ್ಕ. ವಾಸನೆ ಬಂದರೆ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಫೋನ್ ಹೊರಗೆ ಬಂದ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ವಾಸನೆ ಕಡಿಮೆ ಆಯಿತು ಅನ್ನಿಸಿದರೆ ಗ್ಯಾಸ್ ಹೋಯಿತು ಅಂತಲ್ಲ, ನಿಮ್ಮ ಮೂಗು ದಣಿದಿರಬಹುದು.

ಪ್ರಶ್ನೆ: ಹಡಗಿನ ಎಣ್ಣೆ ಟ್ಯಾಂಕುಗಳಿಗೆ ಎಂಜಿನ್ನಿನ ಹೊಗೆ ತುಂಬುತ್ತಾರಂತೆ, ಯಾಕೆ?

ಉತ್ತರ: ಇಷ್ಟು ಹೊತ್ತು ಗ್ಯಾಸಿನ ಪ್ರಮಾಣದ ಬಗ್ಗೆಯೇ ಮಾತಾಡಿದೆವು. ಆಮ್ಲಜನಕವನ್ನೇ ಕಡಿಮೆ ಮಾಡಿದರೆ? ನೈಟ್ರೋಜನ್ ಬೆರೆಸುತ್ತಾ ಹೋದ ಹಾಗೆ ಕೆಳಮಿತಿ, ಮೇಲ್ಮಿತಿ ಹತ್ತಿರವಾಗುತ್ತಾ ಬಂದು ಒಂದು ಕಡೆ ಸೇರಿಬಿಡುತ್ತವೆ. ಮೀಥೇನಿಗೆ ಆಮ್ಲಜನಕ ಸುಮಾರು ಶೇಕಡಾ 12ಕ್ಕೆ ಇಳಿದರೆ ಅದು ಯಾವ ಪ್ರಮಾಣದಲ್ಲೂ ಉರಿಯುವುದಿಲ್ಲ. ಹೈಡ್ರೋಜನ್ನಿಗೆ 5ಕ್ಕೆ ಇಳಿಸಬೇಕು.

1969ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮಾರ್ಪೆಸ್ಸಾ, ಮ್ಯಾಕ್ಟ್ರಾ, ಕಾಂಗ್ ಹೋಕನ್ ಸೆವೆನ್ ಅನ್ನುವ ಮೂರು ಭಾರಿ ತೈಲ ಹಡಗುಗಳಲ್ಲಿ ಸ್ಫೋಟವಾಯಿತು. ಮಾರ್ಪೆಸ್ಸಾ ಮುಳುಗಿಯೇ ಹೋಯಿತು. ಮೂರೂ ಎಣ್ಣೆ ಇಳಿಸಿ ಖಾಲಿಯಾಗಿದ್ದವು. ಜೋರು ನೀರಿನ ಧಾರೆಯಲ್ಲಿ ಟ್ಯಾಂಕ್ ತೊಳೆಯುತ್ತಿದ್ದರು. ಆ ನೀರಿನ ತುಂತುರಿನಲ್ಲೇ ಸ್ಥಿರ ವಿದ್ಯುತ್ ಹುಟ್ಟುತ್ತದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಕಿಡಿಯನ್ನು ಪೂರ್ತಿ ತಪ್ಪಿಸುವುದು ಆಗದ ಮಾತು ಅಂತ ಅರ್ಥವಾದ ಮೇಲೆ ಆಮ್ಲಜನಕಕ್ಕೇ ಕೈ ಹಾಕಿದರು. ಬಾಯ್ಲರಿನ ಹೊಗೆಯನ್ನು ತೊಳೆದು ತಣ್ಣಗೆ ಮಾಡಿ ಟ್ಯಾಂಕಿಗೆ ಬಿಡುತ್ತಾರೆ. ಒಳಗಿನ ಆಮ್ಲಜನಕ ಶೇಕಡಾ 8 ದಾಟಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ವಿಮಾನಗಳಿಗೂ ಇಂಥದೇ ವ್ಯವಸ್ಥೆ ಬೇಕು ಅಂತ ಅಮೆರಿಕ ನಿಯಮ ತಂದದ್ದು 2008ರಲ್ಲಿ. ಟಿಡಬ್ಲ್ಯೂಎ ದುರಂತವಾಗಿ ಹನ್ನೆರಡು ವರ್ಷಕ್ಕೆ.

ಕೆಲಸ ಮುಗಿದು ಆಳು ಒಳಗಿಳಿಯಬೇಕಾದಾಗ ಮಾತ್ರ ಗಾಳಿ ಬಿಡಬೇಕು. ಅದೂ ಮೊದಲು ಹೊಗೆ ಹೊಡೆದು ಎಣ್ಣೆ ಆವಿಯನ್ನು ಓಡಿಸಿ, ಆಮೇಲೆ. ನೇರವಾಗಿ ಗಾಳಿ ಬಿಟ್ಟರೆ ಮತ್ತೆ ಅದೇ ಹದದ ದಾರಿ ಹಾಯಬೇಕಾಗುತ್ತದೆ.

ಪ್ರಶ್ನೆ: ಹೊಸ ಫ್ರಿಜ್ಜಿನಲ್ಲಿ ಉರಿಯುವ ಗ್ಯಾಸ್ ಇದೆ ಅಂತ ಸ್ಟಿಕ್ಕರ್ ನೋಡಿ ಹೆದರಿಕೆಯಾಯಿತು. ವಾಪಸ್ ಕೊಡಲೇ?

ಉತ್ತರ: ಬೇಡ. ಅದು ಐಸೊಬ್ಯುಟೇನ್, ಕೆಳಮಿತಿ ಶೇಕಡಾ 1.8. ಮನೆ ಫ್ರಿಜ್ಜಿಗೆ ಬಹುಕಾಲದಿಂದ ಇರುವ ಮಿತಿ 150 ಗ್ರಾಂ, ಎಷ್ಟೋ ಫ್ರಿಜ್ಜುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ ಇರುತ್ತದೆ. 150 ಗ್ರಾಮೂ ಸೋರಿ ಮೇಲೆ ಹೇಳಿದ ಕೋಣೆಯಲ್ಲಿ ಬೆರೆತರೆ ಶೇಕಡಾ 0.25 ಸಹ ಆಗುವುದಿಲ್ಲ. ಐಸ್ ಕೀಳಲು ಚಾಕು ಹಾಕಿ ಕೊಳವೆ ತೂತು ಮಾಡಬೇಡಿ. ಗ್ಯಾಸ್ ತುಂಬುವ ಕೆಲಸವನ್ನು ಈ ಗ್ಯಾಸಿನಲ್ಲಿ ಪಳಗಿದ ಮೆಕ್ಯಾನಿಕ್ಕಿಗೇ ಕೊಡಿ. ಅವರು ಬೆಸುಗೆ ಹಾಕುವ ಮೊದಲು ಕೊಳವೆಯನ್ನು ನೈಟ್ರೋಜನ್ನಿನಿಂದ ಊದುತ್ತಾರಾ ಅಂತ ನಿಂತು ನೋಡಿ.